ಇದು ಯಾವ ಹೊಳೆ ನೀರು?

ಅಮ್ಮ ಮೊದಲ ಸಲ ನಮ್ಮಲ್ಲಿಗೆ ಬಂದಾಗ ನಿದ್ದೆ ಹೊಂದಿಕೊಳ್ಳದೆ ಬೆಳಗಿನ ಜಾವ ಮೂರಕ್ಕೇ ಎದ್ದು ಅಡುಗೆಮನೆಯಲ್ಲಿ ಕೂತಿದ್ದಳು. ನಾನೂ ಎದ್ದು ಹೋಗಿ ಸಿಂಕಿನ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕೊಟ್ಟೆ. ಕಾಯಿಸೋದು ಬೇಡ, ಹಾಗೇ ಕುಡಿ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಲೋಟವನ್ನು ದೀಪಕ್ಕೆ ಹಿಡಿದು ನೋಡಿದಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಳು. ಆಮೇಲೆ ನುಂಗಿ, "ನೀರು ಚೆನ್ನಾಗಿದೆ. ಇದು ಯಾವ ಹೊಳೆ ನೀರು?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಗೆ ಬಂದು ಆಗಲೇ ಒಂಬತ್ತು ವರ್ಷ ಆಗಿತ್ತು. ನಮ್ಮ ಸಾಗರದ ಕಡೆ ಇದು ತೀರಾ ಸಾಮಾನ್ಯ ಪ್ರಶ್ನೆ. ನೆಂಟರ ಮನೆಗೆ ಹೋದರೆ ಮೊದಲು ನೀರು ಕುಡಿಯುತ್ತೇವೆ, ಕುಡಿದ ಮೇಲೆ ಕೇಳುತ್ತೇವೆ. ಬಾವಿಯದೋ, ಹೊಳೆಯದೋ, ಗುಡ್ಡದಿಂದ ದಬ್ಬೆಯಲ್ಲಿ ಇಳಿಸಿದ ಅಬ್ಬಿ ನೀರೋ. ಒಂಬತ್ತು ವರ್ಷ ಕುಡಿದ ನೀರಿನ ಹೊಳೆ ಗೊತ್ತಿಲ್ಲ ಅನ್ನೋದು ಅಮ್ಮನ ಮುಂದೆ ದೊಡ್ಡ ತಪ್ಪಿನ ಹಾಗೆ ಕಂಡಿತು.

ಅವತ್ತೇ ಹುಡುಕಿದೆ. ನದಿಯ ಹೆಸರು ಟುವಾಲಮಿ. ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ, ಯೊಸೆಮಿಟಿ ನ್ಯಾಷನಲ್ ಪಾರ್ಕಿನ ಒಳಗೇ, ಹೆಚ್ ಹೆಚಿ ಎಂಬ ಕಣಿವೆ ಇದೆ. ಅದಕ್ಕೆ ಅಡ್ಡ ಕಟ್ಟಿದ ಡ್ಯಾಮಿನಿಂದ ನಮ್ಮ ನೀರು ಹೊರಡುತ್ತದೆ. ಹಿಮ ಕರಗಿ, ಗ್ರಾನೈಟ್ ಬಂಡೆಯ ಮೇಲೆ ಇಳಿದು ಬಂದ ನೀರು. ಮಣ್ಣು ಸೇರುವುದು ಕಡಿಮೆ. ಸುಮಾರು 270 ಕಿಲೋಮೀಟರ್ ದೂರವನ್ನು ಇಳಿಜಾರಿನಲ್ಲೇ ಹರಿದು ಬರುತ್ತದೆ. ಅಮೆರಿಕದಲ್ಲಿ ದೊಡ್ಡ ಊರುಗಳಿಗೆ ಕೊಡುವ ಹೊಳೆ ನೀರನ್ನು ಸೋಸಿಯೇ ಕೊಡಬೇಕು ಎಂಬ ನಿಯಮವಿದೆ. ಅದರಿಂದ ವಿನಾಯಿತಿ ಸಿಕ್ಕ ಕೆಲವೇ ಕೆಲವು ನೀರುಗಳಲ್ಲಿ ಇದೂ ಒಂದು. ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಸುತ್ತಲಿನ ಊರುಗಳ ಸುಮಾರು 27 ಲಕ್ಷ ಜನ ಬಹುಪಾಲು ಇದನ್ನೇ ಕುಡಿಯುತ್ತಾರೆ. ಇಷ್ಟು ಓದಿ ಅಮ್ಮನಿಗೆ ಹೇಳಿದೆ, ಅವಳಿಗೆ ಸಮಾಧಾನ ಆಯಿತು. ನನಗೆ ಆಗಲಿಲ್ಲ. ಯಾಕೆಂದರೆ ಹೆಚ್ ಹೆಚಿ ಎಂಬ ಹೆಸರು ನನಗೆ ಬೇರೆ ಕಡೆಯಿಂದ ಮೊದಲೇ ಗೊತ್ತಿತ್ತು. ಆ ಕಣಿವೆ ಮುಳುಗಬಾರದು ಎಂದು ವರ್ಷಗಟ್ಟಲೆ ಹೋರಾಡಿ ಸೋತವನು ಜಾನ್ ಮ್ಯೂರ್, ಬೆಟ್ಟ-ಕಾಡುಗಳ ಬಗ್ಗೆ ಬರೆದ ಲೇಖಕ. ಈ ದೇಶಕ್ಕೆ ಬಂದ ಮೊದಲ ವರ್ಷದಿಂದ ನಾನು ಮನಸಾರೆ ಪ್ರೀತಿಸಿದ ಮನುಷ್ಯ. ಅವನು ಕಳೆದುಕೊಂಡದ್ದನ್ನು ನಾನು ದಿನಾ ಲೋಟದಲ್ಲಿ ಹಿಡಿದು ಕುಡಿಯುತ್ತಿದ್ದೆ.

ಒಂದು ಕಾಡು, ಮೂರು ಹೆಸರು

ಗೋಲ್ಡನ್ ಗೇಟ್ ಸೇತುವೆ ದಾಟಿ ಅರ್ಧ ಗಂಟೆ ಹೋದರೆ ಮ್ಯೂರ್ ವುಡ್ಸ್ ಸಿಗುತ್ತದೆ. ಇಲ್ಲಿಗೆ ಬರುವ ಎಲ್ಲ ಅಪ್ಪ-ಅಮ್ಮಂದಿರನ್ನೂ ಮಕ್ಕಳು ಕರೆದುಕೊಂಡು ಹೋಗುವ ಜಾಗ. ಆಕಾಶ ಕಾಣದ ಹಾಗೆ ನಿಂತ ರೆಡ್‌ವುಡ್ ಮರಗಳು, ಕೆಳಗೆ ಸಣ್ಣ ಹಳ್ಳ, ಮಧ್ಯಾಹ್ನವೂ ಮಬ್ಬು. ಅಮ್ಮ ಒಂದು ಮರದ ತೊಗಟೆಗೆ ಕೈ ಇಟ್ಟು ತುಂಬಾ ಹೊತ್ತು ನಿಂತಿದ್ದಳು. ನಾನು ಅಷ್ಟರಲ್ಲಿ ದಾರಿ ಪಕ್ಕದ ಬಂಡೆಗೆ ಬಡಿದ ಒಂದು ಲೋಹದ ಫಲಕ ಓದುತ್ತಿದ್ದೆ. ಎಷ್ಟೋ ಸಲ ಅಲ್ಲಿಗೆ ಹೋಗಿದ್ದೆ, ಅದನ್ನು ನಿಂತು ಓದಿರಲಿಲ್ಲ. ಈ ಮರವನ್ನು ಗಿಫರ್ಡ್ ಪಿಂಶೋಗೆ ಅರ್ಪಿಸಲಾಗಿದೆ, ಕಾಡಿನ ಗೆಳೆಯನಿಗೆ, ಎಂದು ಬರೆದಿತ್ತು. ಹಾಕಿಸಿದ್ದು ಬೆಟ್ಟ-ಕಾಡು ಉಳಿಸಲು ಹುಟ್ಟಿದ ಸಂಘ ಸಿಯೆರಾ ಕ್ಲಬ್, ವರ್ಷ 1910. ನನಗೆ ಗೊಂದಲವಾಯಿತು. ಸಿಯೆರಾ ಕ್ಲಬ್ಬನ್ನು 1892ರಲ್ಲಿ ಶುರು ಮಾಡಿದವರಲ್ಲಿ ಮುಖ್ಯನಾದವನೇ ಮ್ಯೂರ್, ಕೊನೆಯವರೆಗೂ ಅದರ ಅಧ್ಯಕ್ಷ. ಹೆಚ್ ಹೆಚಿ ಜಗಳದಲ್ಲಿ ಡ್ಯಾಮ್ ಕಟ್ಟಲಿ ಎಂದು ಅವನ ಎದುರು ನಿಂತ ದೊಡ್ಡ ಹೆಸರೇ ಪಿಂಶೋ. ಜಗಳ ಜೋರಾಗಿದ್ದ ಹೊತ್ತಿನಲ್ಲೇ ಮ್ಯೂರ್‌ನ ಹೆಸರಿನ ಕಾಡಿನಲ್ಲಿ, ಮ್ಯೂರ್‌ನ ಸಂಘದವರೇ, ಪಿಂಶೋಗೆ ಒಂದು ಮರ ಕೊಟ್ಟಿದ್ದಾರೆ.

ಆ ಕಾಡನ್ನು ಉಳಿಸಿದವನ ಕಥೆ ಇದಕ್ಕಿಂತ ಕಾಡುತ್ತದೆ. ಅವನ ಹೆಸರು ವಿಲಿಯಂ ಕೆಂಟ್. 1905ರಲ್ಲಿ 45,000 ಡಾಲರ್ ಕೊಟ್ಟು ಈ ಜಾಗ ಕೊಂಡ. ಎರಡೇ ವರ್ಷದಲ್ಲಿ ಒಂದು ನೀರಿನ ಕಂಪನಿ ಇದೇ ಹಳ್ಳಕ್ಕೆ ಡ್ಯಾಮ್ ಕಟ್ಟುತ್ತೇವೆ ಎಂದು ಕೋರ್ಟಿಗೆ ಹೋಯಿತು. ಕೆಂಟ್ ಒಂದು ಉಪಾಯ ಮಾಡಿದ. 295 ಎಕರೆ ಕಾಡನ್ನು ಕೇಂದ್ರ ಸರ್ಕಾರಕ್ಕೆ ಸುಮ್ನೆ ಕೊಟ್ಟುಬಿಟ್ಟ. 1908ರ ಜನವರಿಯಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅದನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದ. ನಿನ್ನದೇ ಹೆಸರಿಡೋಣ ಎಂದ. ಬೇಡ, ಮ್ಯೂರ್ ಹೆಸರಿಡಿ ಎಂದು ಕೆಂಟ್ ಪಟ್ಟು ಹಿಡಿದ. ಇದಾಗಿ ಐದು ವರ್ಷಕ್ಕೆ, 1913ರಲ್ಲಿ, ಅದೇ ಕೆಂಟ್ ಕಾಂಗ್ರೆಸ್ ಸದಸ್ಯನಾಗಿ ಹೆಚ್ ಹೆಚಿ ಡ್ಯಾಮಿನ ಪರ ಓಡಾಡಿದ. ಮತ್ತೆ ಮೂರು ವರ್ಷಕ್ಕೆ, ದೇಶದ ಎಲ್ಲ ನ್ಯಾಷನಲ್ ಪಾರ್ಕುಗಳನ್ನು ನೋಡಿಕೊಳ್ಳುವ ಇಲಾಖೆ ಕಟ್ಟುವ ಮಸೂದೆಯನ್ನು ಮಂಡಿಸಿದವನೂ ಅವನೇ. ಒಬ್ಬನೇ ಮನುಷ್ಯ. ಇವನು ಮೋಸಗಾರ ಎಂದು ಬರೆದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಊರಿನ ಕುಡಿಯುವ ನೀರು ಖಾಸಗಿ ಕಂಪನಿಯ ಮುಷ್ಟಿಯಲ್ಲಿ ಇರಬಾರದು ಎಂಬುದು ಅವನ ಗಟ್ಟಿ ನಂಬಿಕೆ. ರೆಡ್‌ವುಡ್ ಹಳ್ಳದಲ್ಲಿ ಡ್ಯಾಮ್ ಕಟ್ಟಲು ಬಂದದ್ದು ಕಂಪನಿ, ಹೆಚ್ ಹೆಚಿಯಲ್ಲಿ ಕಟ್ಟಲು ಹೊರಟದ್ದು ನಗರಸಭೆ. ಆ ವ್ಯತ್ಯಾಸ ಅವನಿಗೆ ದೊಡ್ಡದಾಗಿತ್ತು. ಮುಳುಗುವ ಹುಲ್ಲುಗಾವಲಿಗೆ ಯಾರು ಮುಳುಗಿಸಿದರೂ ಒಂದೇ, ಅಲ್ವಾ? ಅಲ್ಲಿಗೆ ಬಂದಾಗ ನಾನು ಮ್ಯೂರ್ ಕಡೆಯವನು.

ಜೇಡ

ಮ್ಯೂರ್ ಮತ್ತು ಪಿಂಶೋ ಜಗಳವನ್ನು ಓದುವಾಗೆಲ್ಲ ನನಗೆ ಒಂದು ಜೇಡ ನೆನಪಾಗುತ್ತದೆ. 1896ರಲ್ಲಿ ದೇಶದ ಕಾಡುಗಳ ಸ್ಥಿತಿ ನೋಡಲು ಒಂದು ಸಮಿತಿ ಪಶ್ಚಿಮಕ್ಕೆ ಹೊರಟಿತ್ತು. ಪಿಂಶೋ ಅದರ ಅತಿ ಚಿಕ್ಕ ಸದಸ್ಯ, ಮೂವತ್ತೊಂದು ವರ್ಷ. ಮ್ಯೂರ್ ಸದಸ್ಯ ಅಲ್ಲ, ಸುಮ್ಮನೆ ಜೊತೆಗೆ ಹೋಗಿದ್ದ, ಐವತ್ತೆಂಟು ವರ್ಷ. ಗ್ರ್ಯಾಂಡ್ ಕ್ಯಾನಿಯನ್ ತಲುಪಿದಾಗ ಉಳಿದವರು ಗಾಡಿ ಹತ್ತಿ ಯಾವುದೋ ನೋಡುವ ಜಾಗಕ್ಕೆ ಹೋದರು. ಇವರಿಬ್ಬರು ಮಾತ್ರ ಇಡೀ ದಿನ ಪ್ರಪಾತದ ಅಂಚಿನಲ್ಲೇ ಅಲೆದರು. ದಾರಿಯಲ್ಲಿ ದೊಡ್ಡದೊಂದು ಟರಾಂಟುಲಾ ಜೇಡ ಕಂಡಿತು. ಪಿಂಶೋ ಕೊಲ್ಲಲು ಹೋದ. ಮ್ಯೂರ್ ಬಿಡಲಿಲ್ಲ. ಇಲ್ಲಿರಲು ನಮಗೆಷ್ಟು ಹಕ್ಕಿದೆಯೋ ಅದಕ್ಕೂ ಅಷ್ಟೇ ಇದೆ ಎಂದ. ರಾತ್ರಿ ಹೋಟೆಲಿಗೆ ಹೋಗದೆ ಮರದ ಸೊಪ್ಪು ಹಾಸಿಕೊಂಡು, ಬೆಂಕಿ ಹಾಕಿಕೊಂಡು ಅಲ್ಲೇ ಮಲಗಿದರು. ಮ್ಯೂರ್ ನಡುರಾತ್ರಿವರೆಗೂ ಕಥೆ ಹೇಳಿದ. ಬೆಳಿಗ್ಗೆ, ತಪ್ಪು ಮಾಡಿದ ಶಾಲೆ ಹುಡುಗರ ಹಾಗೆ ಮೆಲ್ಲಗೆ ವಾಪಸ್ ಬಂದರಂತೆ. ಇದನ್ನೆಲ್ಲ ಬರೆದಿಟ್ಟವನು ಪಿಂಶೋ. ಮುದುಕನಾದ ಮೇಲೆ, ಜಗಳವಾಗಿ ಮೂವತ್ತು ವರ್ಷ ಕಳೆದ ಮೇಲೆ, ಮ್ಯೂರ್ ಸತ್ತು ಎಷ್ಟೋ ಕಾಲವಾದ ಮೇಲೆ ಬರೆದ. ಅಂಥ ಸಂಜೆ ಮತ್ತೆ ಬರಲಿಲ್ಲ ಎಂಬ ಹಂಬಲ ಅದರಲ್ಲಿದೆ. ಗೆದ್ದವನು ಸೋತವನ ಒಂದು ಜೇಡವನ್ನು ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ.

ಇಬ್ಬರೂ ಹುಟ್ಟಿದ ಮನೆ ಬೇರೆ. ಮ್ಯೂರ್ ಸ್ಕಾಟ್ಲೆಂಡಿನಿಂದ ಬಂದ ರೈತನ ಮಗ. 1867ರಲ್ಲಿ ಇಂಡಿಯಾನಾಪೊಲಿಸ್‌ನ ಗಾಡಿ ಕಾರ್ಖಾನೆಯಲ್ಲಿ ಉಜ್ಜುವ ಅರ ಜಾರಿ ಬಲಗಣ್ಣಿಗೆ ಚುಚ್ಚಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಣ್ಣೂ ಮಂಜಾಯಿತು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿದ್ದ. ಕಣ್ಣು ವಾಪಸ್ ಬಂದ ಮೇಲೆ ಕಾರ್ಖಾನೆಗೆ ಹೋಗಲಿಲ್ಲ, ಬೆಟ್ಟಕ್ಕೆ ಹೋದ. ಪಿಂಶೋನದು ಮರ ಕಡಿಸಿ ಶ್ರೀಮಂತವಾದ ಮನೆತನ. ಕಡಿದದ್ದು ಸಾಕು, ನೀನು ಕಾಡು ಬೆಳೆಸುವ ವಿದ್ಯೆ ಕಲಿ ಎಂದವನು ಅವನ ಅಪ್ಪ. ಅಮೆರಿಕದಲ್ಲಿ ಆಗ ಆ ವಿದ್ಯೆ ಹೇಳಿಕೊಡುವ ಒಂದು ಶಾಲೆಯೂ ಇರಲಿಲ್ಲ. ಫ್ರಾನ್ಸಿನ ನಾನ್ಸಿ ಊರಿಗೆ ಹೋಗಿ ಕಲಿತು ಬಂದ. 1905ರಲ್ಲಿ ಅಮೆರಿಕದ ಅರಣ್ಯ ಸೇವೆಗೆ ಮೊದಲ ಮುಖ್ಯಸ್ಥನಾದ. ಕಾಡನ್ನು ಬಳಸಬೇಕು, ಆದರೆ ಮುಗಿಸಬಾರದು. ಹೆಚ್ಚು ಜನಕ್ಕೆ, ಹೆಚ್ಚು ಕಾಲ, ಹೆಚ್ಚು ಒಳ್ಳೆಯದಾಗಬೇಕು. ಇದು ಅವನ ಲೆಕ್ಕ. ಇದರಲ್ಲಿ ತಪ್ಪೇನಿದೆ ಎಂದು ಯಾರಾದರೂ ಕೇಳಿದರೆ ನಾನು ತಡವರಿಸುತ್ತೇನೆ. ಪಿಂಶೋ ಇಲ್ಲದಿದ್ದರೆ ಪಶ್ಚಿಮದ ಕಾಡುಗಳಲ್ಲಿ ಎಷ್ಟೋ ಪಾಲು ಮರದ ವ್ಯಾಪಾರಿಗಳ ಪಾಲಾಗುತ್ತಿತ್ತು.

ನಮ್ಮೂರ ಕನ್ಸರ್ವೇಟರ್

ಪಿಂಶೋ ಬಗ್ಗೆ ಓದುತ್ತಾ ಹೋದಾಗ ನನ್ನನ್ನು ಎಬ್ಬಿಸಿ ಕೂರಿಸಿದ ಒಂದು ಸಂಗತಿ ಇದೆ. 1907ರ ಚಳಿಗಾಲದಲ್ಲಿ ಅವನು ವಾಷಿಂಗ್ಟನ್‌ನ ರಾಕ್ ಕ್ರೀಕ್ ಪಾರ್ಕಿನಲ್ಲಿ ಜಿಮ್ ಎಂಬ ತನ್ನ ಕುದುರೆ ಮೇಲೆ ಹೋಗುತ್ತಿದ್ದ. ಕಾಡು, ನೀರು, ಮಣ್ಣು, ಗಣಿ ಎಲ್ಲ ಬೇರೆ ಬೇರೆ ಪ್ರಶ್ನೆ ಅಲ್ಲ, ಒಂದೇ ಪ್ರಶ್ನೆ ಎಂದು ಆಗ ಹೊಳೆಯಿತಂತೆ. ಈ ಒಂದೇ ಪ್ರಶ್ನೆಗೆ ಒಂದು ಹೆಸರು ಬೇಕಾಯಿತು. ಅವನೂ ಅವನ ಸಹಾಯಕನೂ ಹುಡುಕಿ ಆರಿಸಿದ ಪದ ಕನ್ಸರ್ವೇಶನ್. ಬ್ರಿಟಿಷ್ ಇಂಡಿಯಾದಲ್ಲಿ ಸರ್ಕಾರಿ ಕಾಡುಗಳಿಗೆ ಕನ್ಸರ್ವೆನ್ಸಿ ಎಂದೂ ಅಧಿಕಾರಿಗಳಿಗೆ ಕನ್ಸರ್ವೇಟರ್ ಎಂದೂ ಹೆಸರಿತ್ತಲ್ಲ, ಅಲ್ಲಿಂದ ಈ ಪದ ತಲೆಗೆ ಬಂತು ಎಂದು ಪಿಂಶೋನೇ ಹೇಳಿಕೊಂಡಿದ್ದಾನೆ. ಅವನಿಗೆ ಇಂಡಿಯಾ ದೂರದ ಸುದ್ದಿಯೂ ಆಗಿರಲಿಲ್ಲ. ಯುರೋಪಿನಲ್ಲಿ ಅವನಿಗೆ ಗುರುವಾದವನು ಡೀಟ್ರಿಚ್ ಬ್ರಾಂಡಿಸ್. 1864ರಲ್ಲಿ ಭಾರತದ ಕಾಡುಗಳಿಗೆಲ್ಲ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದವನು. ಬ್ರಾಂಡಿಸ್ ಜೊತೆ ಕೆಲಸ ಮಾಡಿದ ಹ್ಯೂ ಕ್ಲೆಗ್‌ಹಾರ್ನ್ 1840ರ ದಶಕದಲ್ಲಿ ನಮ್ಮ ಶಿವಮೊಗ್ಗದಲ್ಲೇ ಡಾಕ್ಟರಾಗಿದ್ದ. ಗಿಡಗಳೆಂದರೆ ಪ್ರಾಣ. 1856ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಕನ್ಸರ್ವೇಟರ್ ಆದ.

ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಕನ್ಸರ್ವೇಟರ್ ಅನ್ನೋದು ಅಚ್ಚಕನ್ನಡ ಪದವೇ. ಡಿಸಿಎಫ್ (ಡೆಪ್ಯುಟಿ ಕನ್ಸರ್ವೇಟರ್) ಸಾಹೇಬರು, ರೇಂಜರ್, ಗಾರ್ಡು, ಎಲ್ಲ ಮನೆಮಾತು. ಸೊಪ್ಪಿನ ಬೆಟ್ಟದಿಂದ ಎಷ್ಟು ಸೊಪ್ಪು ತರಬಹುದು, ಯಾವ ಮರಕ್ಕೆ ಕತ್ತಿ ತಾಗಿಸಬಾರದು ಎಂಬುದನ್ನೆಲ್ಲ ಅಜ್ಜ ಆ ಪದಗಳ ಜೊತೆಗೇ ಹೇಳಿಕೊಟ್ಟಿದ್ದ. ಆ ಇಲಾಖೆ ಇಲ್ಲದಿದ್ದರೆ ಘಟ್ಟದಲ್ಲಿ ಇಷ್ಟು ಕಾಡು ಉಳಿಯುತ್ತಿರಲಿಲ್ಲ. ಆದರೆ ಕ್ಲೆಗ್‌ಹಾರ್ನ್ ಕಾಲದಲ್ಲಿ ಕಾಡು ಉಳಿಸುವುದು ಎಂದರೆ ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ ನಿಲ್ಲಿಸುವುದು ಎಂದೂ ಆಗಿತ್ತು. ಅವನು ಕುಮರಿಯನ್ನು ಗಟ್ಟಿಯಾಗಿ ವಿರೋಧಿಸಿದ. ಕಾಡಿನಲ್ಲೇ ಬಿತ್ತಿ ಬೆಳೆದು ಉಣ್ಣುತ್ತಿದ್ದವರು ಒಂದು ದಿನ ಕಾಡಿಗೆ ಕಂಟಕ ಎನ್ನಿಸಿಕೊಂಡರು. ಪದ ಸಮುದ್ರ ದಾಟಿ ಅಮೆರಿಕಕ್ಕೆ ಹೋದಾಗ ಇಂಥ ಲೆಕ್ಕವೂ ಜೊತೆಗೆ ಹೋಯಿತೋ ಏನೋ. ಅಥವಾ ಅಲ್ಲಿ ಮೊದಲೇ ಇತ್ತು.

ಬೆಂಕಿ ಬಿದ್ದ ಊರು

1906ರ ಏಪ್ರಿಲ್ 18ರ ಬೆಳಗಿನ ಜಾವ ಭೂಕಂಪವಾಗಿ ಸ್ಯಾನ್ ಫ್ರಾನ್ಸಿಸ್ಕೋ ಮೂರು ದಿನ ಉರಿಯಿತು. ಹೈಡ್ರೆಂಟ್ ತಿರುಗಿಸಿದರೆ ನೀರು ಬರಲಿಲ್ಲ. ಊರಿಗೆ ಸ್ವಂತ ನೀರು ಬೇಕು ಎಂಬ ಕೂಗಿಗೆ ಅಲ್ಲಿಂದ ಬಲ ಬಂತು. ಮೇಯರ್ ಜೇಮ್ಸ್ ಫೀಲನ್ 1901ರಲ್ಲೇ ಹೆಚ್ ಹೆಚಿ ನೀರಿಗೆ ಅರ್ಜಿ ಹಾಕಿದ್ದ, ವಾಷಿಂಗ್ಟನ್ ಬೇಡ ಎಂದಿತ್ತು. ಬೆಂಕಿಯ ನಂತರ ಬೇಡ ಅನ್ನುವುದು ಕಷ್ಟವಾಯಿತು. ನಿಜ ಹೇಳಬೇಕೆಂದರೆ ಅವತ್ತು ಕೆರೆಗಳಲ್ಲಿ ನೀರಿತ್ತು. ಭೂಮಿ ನಡುಗಿ ಪೈಪುಗಳು ಒಡೆದಿದ್ದವು. ಹೆಚ್ ಹೆಚಿ ನೀರು ಆಗಲೇ ಬಂದಿದ್ದರೂ ಊರು ಸುಡುತ್ತಿತ್ತು. ಸುಟ್ಟ ಊರಿನ ಜನಕ್ಕೆ ಈ ಮಾತು ಹೇಳುವುದು ಯಾರಿಗೂ ಸುಲಭವಲ್ಲ. ಬೇರೆ ನದಿಗಳಿವೆ, ಅಲ್ಲಿಂದ ತನ್ನಿ ಎಂದು ಮ್ಯೂರ್ ಕಡೆಯವರು ಮತ್ತೆ ಮತ್ತೆ ಹೇಳಿದರು. ಕೊಲ್ಲಿಯ ಆಚೆ ದಡದ ಓಕ್‌ಲೆಂಡ್ ಮುಂದೆ ಮೊಕಲಮಿ ನದಿಗೆ ಡ್ಯಾಮ್ ಕಟ್ಟಿ 1929ರಿಂದ ಅದೇ ನೀರು ಕುಡಿಯುತ್ತಿದೆ. ಆ ಮಾತು ಸುಳ್ಳಾಗಿರಲಿಲ್ಲ.

ದೇಶದ ಮೂಲೆಮೂಲೆಯಿಂದ ಕಾಗದಗಳು ಬಂದವು. ಅದರಲ್ಲಿ ಮಹಿಳಾ ಸಂಘಗಳ ಕಾಗದ ಬಹಳ. ವೋಟಿನ ಹಕ್ಕೂ ಪೂರ್ತಿ ಸಿಗದ ಹೆಂಗಸರು ತಾವು ಕಂಡಿರದ ಒಂದು ಕಣಿವೆಗಾಗಿ ಬರೆದರು. ಹೆಚ್ ಹೆಚಿಗೆ ಅಣೆಕಟ್ಟು ಕಟ್ಟುವುದೂ ಒಂದೇ, ಚರ್ಚುಗಳನ್ನು ನೀರಿನ ತೊಟ್ಟಿ ಮಾಡುವುದೂ ಒಂದೇ, ಇದಕ್ಕಿಂತ ಪವಿತ್ರವಾದ ಗುಡಿ ಇಲ್ಲ ಎಂದು ಮ್ಯೂರ್ ಬರೆದ. ಪಿಂಶೋ 1913ರಲ್ಲಿ ಕಾಂಗ್ರೆಸ್ ಸಮಿತಿಯ ಮುಂದೆ ಬಂದು, ಕನ್ಸರ್ವೇಶನ್ ನೀತಿಯ ಬುಡವೇ ಬಳಕೆ ಎಂದ. ಅದೇ ಡಿಸೆಂಬರ್‌ನಲ್ಲಿ ಸೆನೆಟ್ 43ಕ್ಕೆ 25 ಮತಗಳಿಂದ ಒಪ್ಪಿತು. 19ನೇ ತಾರೀಕು ಅಧ್ಯಕ್ಷ ವುಡ್ರೋ ವಿಲ್ಸನ್ ಸಹಿ ಹಾಕಿದ. ಮ್ಯೂರ್ ಮಾರನೇ ವರ್ಷ ಡಿಸೆಂಬರ್ 24ಕ್ಕೆ ನ್ಯುಮೋನಿಯಾದಿಂದ ಲಾಸ್ ಏಂಜಲೀಸ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ಡ್ಯಾಮ್ 1923ರಲ್ಲಿ ಎದ್ದಿತು. ನೀರು ನಮ್ಮ ಕಡೆಗೆ ತಲುಪಿದ್ದು 1934ರ ಅಕ್ಟೋಬರ್‌ನಲ್ಲಿ. ಅದರ ನೆನಪಿಗೆ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದೂರದಲ್ಲಿ, ಪಲ್ಗಸ್ ಎಂಬಲ್ಲಿ, ದುಂಡನೆ ಕಂಬಗಳ ಒಂದು ಮಂಟಪ ಕಟ್ಟಿದ್ದಾರೆ. ಅದನ್ನು ವಾಟರ್ ಟೆಂಪಲ್ ಎಂದು ಕರೆಯುತ್ತಾರೆ. ನೀರಿನ ಗುಡಿ. ನನ್ನ ಜನರಿಗೆ ಕುಡಿಯಲು ಮರುಭೂಮಿಯಲ್ಲಿ ನದಿಗಳನ್ನು ಕೊಡುತ್ತೇನೆ ಎಂಬ ಬೈಬಲ್ ಮಾತು ಕೆತ್ತಿದ್ದಾರೆ. ಗುಡಿ ಮುಳುಗಿಸಬೇಡಿ ಎಂದು ಮ್ಯೂರ್ ಬೇಡಿಕೊಂಡಿದ್ದ. ಮುಳುಗಿಸಿದ ಮೇಲೆ ಇಲ್ಲಿ ಇನ್ನೊಂದು ಗುಡಿ ಕಟ್ಟಿದರು. ಅಲ್ಲಿಗೆ ಹೋದಾಗೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ.

ನನ್ನ ಜನ ಅಂದರೆ ಯಾರು ಎಂಬುದೂ ಪ್ರಶ್ನೆಯೇ. ಹೆಚ್ ಹೆಚಿಗೆ ಮೊದಲ ಅರ್ಜಿ ಹಾಕಿದ ಫೀಲನ್, 1920ರ ಚುನಾವಣೆಯಲ್ಲಿ ಕ್ಯಾಲಿಫೋರ್ನಿಯಾವನ್ನು ಬಿಳಿಯರದ್ದಾಗಿಯೇ ಉಳಿಸಿ ಎಂಬ ಘೋಷಣೆ ಇಟ್ಟುಕೊಂಡು ಮತ ಕೇಳಿದ. ಕಾಡು ಕೊಟ್ಟ ಕೆಂಟ್ ಕೂಡ ಏಷ್ಯಾದವರು ಇಲ್ಲಿಗೆ ಬರಬಾರದು ಎಂದೇ ವಾದಿಸಿದವನು. 1917ರ ಕಾನೂನು ಭಾರತದವರಿಗೆ ಬಾಗಿಲು ಮುಚ್ಚಿತು. ಇವತ್ತು ನಮ್ಮ ಬೀದಿಯಲ್ಲಿ ಚೀನಾದವರು, ಫಿಲಿಪೀನ್ಸಿನವರು, ನಾವು, ಎಲ್ಲರೂ ಅವರು ತಂದ ನೀರಿನಲ್ಲಿ ಅನ್ನ ಮಾಡುತ್ತೇವೆ. ಕೋಪ ಬರುತ್ತದೆ. ಕೋಪದ ಹಿಂದೆಯೇ ನೀರಿನ ಋಣವೂ ನೆನಪಾಗುತ್ತದೆ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಬದುಕುವುದು ಹೇಗೆ ಎಂದು ನಾನಿನ್ನೂ ಕಲಿಯುತ್ತಿದ್ದೇನೆ.

ಅಮ್ಮ ಡ್ಯಾಮಿನ ಮೇಲೆ

ಅಮ್ಮ ಎರಡನೇ ಸಲ ಬಂದಾಗ ಹೆಚ್ ಹೆಚಿಗೆ ಕರೆದುಕೊಂಡು ಹೋದೆ. ಮೇ ತಿಂಗಳು. ನಾಲ್ಕು ಗಂಟೆ ಡ್ರೈವ್. ಯೊಸೆಮಿಟಿಗೆ ಹೋಗುವ ಕಾರುಗಳ ಸಾಲಿನಿಂದ ಎವರ್‌ಗ್ರೀನ್ ರೋಡಿಗೆ ತಿರುಗಿದರೆ ದಾರಿ ಒಮ್ಮೆಲೇ ಖಾಲಿ. ಗೇಟು ಹಗಲು ಮಾತ್ರ ತೆರೆದಿರುತ್ತದೆ. ಡ್ಯಾಮಿನ ಮೇಲೆ ನಡೆದುಕೊಂಡು ಹೋಗಬಹುದು. ಎದುರಿಗೆ ಉದ್ದಕ್ಕೆ ನೀಲಿ ನೀರು, ಬಲಕ್ಕೆ ಕೊಲಾನಾ ಬಂಡೆ, ಎಡಕ್ಕೆ ವಪಾಮಾ ಜಲಪಾತ ಹಾಲಿನ ಹಾಗೆ ಸುರಿಯುತ್ತಿತ್ತು. ನೀರಿಗೆ ಇಳಿಯುವಂತಿಲ್ಲ, ದೋಣಿಯೂ ಇಲ್ಲ. ಇಷ್ಟು ಹಿನ್ನೀರಿನಲ್ಲಿ ಒಂದು ತೆಪ್ಪವೂ ಕಾಣದ್ದು ಅಮ್ಮನಿಗೆ ಆಶ್ಚರ್ಯ. ಅವಳು ಕಟ್ಟೆಗೆ ಒರಗಿ ತುಂಬಾ ಹೊತ್ತು ಕೆಳಗೆ ನೋಡಿದಳು. ಅಮ್ಮನ ತವರು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಹೋಯಿತು. 1964ರಲ್ಲಿ ಡ್ಯಾಮ್ ತುಂಬುವಾಗ ಅವಳು ಸಣ್ಣ ಹುಡುಗಿ. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಎದ್ದು ಕಾಣುತ್ತದಲ್ಲ, ಅದನ್ನು ನೋಡಲು ಜನ ಹೋಗುತ್ತಾರೆ. ಅವಳು ಒಮ್ಮೆಯೂ ಹೋಗಿಲ್ಲ.

"ಒಳಗೆ ಎಷ್ಟು ಮನೆ ಇದ್ವು?" ಎಂದು ಕೇಳಿದಳು.

ಮನೆ ಇರಲಿಲ್ಲಮ್ಮ ಅಂದೆ. ಬರೀ ಕಣಿವೆ, ಹುಲ್ಲುಗಾವಲು, ಓಕ್ ಮರ. ಮ್ಯೂರ್ ಅದನ್ನು ಎಷ್ಟು ಚೆಂದ ಬಣ್ಣಿಸಿದ್ದಾನೆ ಎಂದು ಹೇಳಲು ಶುರು ಮಾಡಿದೆ. ಅವಳು ನನ್ನ ಮಾತು ಕೇಳುತ್ತಿರಲಿಲ್ಲ. "ಇಷ್ಟು ನೀರು, ಇಷ್ಟು ಹುಲ್ಲು ಇರೋ ಜಾಗದಲ್ಲಿ ಜನ ಇರ್ಲಿಲ್ವಾ? ಮತ್ತೆ ಹೆಸರು ಯಾರಿಟ್ರು?"

ಹೆಸರಿಟ್ಟವರು ಮಿವೋಕ್ ಜನ. ಹೆಚ್ ಹೆಚಿ ಎಂದರೆ ಅಲ್ಲಿ ಬೆಳೆಯುತ್ತಿದ್ದ ಒಂದು ಹುಲ್ಲು, ಅದರ ಬೀಜ ತಿನ್ನುತ್ತಿದ್ದರು. ಇದನ್ನು ನಾನು ಎಲ್ಲೋ ಓದಿದ್ದೆ, ಓದಿ ಮುಂದೆ ಹೋಗಿದ್ದೆ. ಉಣ್ಣುವ ಬೀಜದ ಹೆಸರನ್ನು ಒಂದು ಜಾಗಕ್ಕೆ ಇಡುವವರು ಅಲ್ಲಿ ಬಂದು ಹೋಗಿ ಬದುಕಿದವರೇ. ಪಕ್ಕದ ಯೊಸೆಮಿಟಿ ಕಣಿವೆಗೆ 1851ರಲ್ಲಿ ಮಾರಿಪೋಸಾ ಬೆಟಾಲಿಯನ್ ಎಂಬ ಪಡೆ ನುಗ್ಗಿ ಅಹವಾನೀಚಿ ಜನರನ್ನು ಓಡಿಸಿತು. ಅವರ ಮುಖಂಡ ಟೆನಾಯಾನನ್ನು ಬೆಟ್ಟದ ಮೇಲಿನ ಕೆರೆಯ ದಡದಲ್ಲಿ ಹಿಡಿದರು. ಈ ಕೆರೆಗೆ ನಿನ್ನ ಹೆಸರಿಡುತ್ತೇವೆ ಎಂದರು. ಇದಕ್ಕೆ ಮೊದಲೇ ಹೆಸರಿದೆ, ಪೈವಿಯಾಕ್ ಎಂದು, ಅಂದನಂತೆ ಅವನು. ಇವತ್ತಿಗೂ ನಕ್ಷೆಯಲ್ಲಿ ಅದು ಟೆನಾಯಾ ಕೆರೆಯೇ. ಮ್ಯೂರ್ ಬೆಟ್ಟಕ್ಕೆ ಬಂದದ್ದು ಇದಾಗಿ ಹದಿನೇಳು ವರ್ಷಕ್ಕೆ. ದಾರಿಯಲ್ಲಿ ಎದುರಾದ ಮೂಲನಿವಾಸಿಗಳನ್ನು ಕೊಳಕರು ಎಂದು ಅವನು ಬರೆದದ್ದಿದೆ. ಮುಂದೆ ಅಲಾಸ್ಕಾದಲ್ಲಿ ಟ್ಲಿಂಗಿಟ್ ಜನರ ಜೊತೆ ಓಡಾಡಿದ ಮೇಲೆ ಅವನ ದನಿ ಮೆತ್ತಗಾಯಿತು. 2020ರಲ್ಲಿ ಸಿಯೆರಾ ಕ್ಲಬ್ಬೇ ಅವನ ಆ ಮಾತುಗಳನ್ನು ಒಪ್ಪಿಕೊಂಡು ವಿಷಾದ ಹೇಳಿತು. ಅದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು, ಸತ್ತವನನ್ನು ಯಾಕೆ ಎಳೆಯುತ್ತಾರೆ ಎಂದು. ಡ್ಯಾಮಿನ ಮೇಲೆ ನಿಂತು ಅಮ್ಮನಿಗೆ ಮನೆ ಇರಲಿಲ್ಲ ಎಂದ ಆ ಕ್ಷಣದಲ್ಲಿ ಅದು ನನಗೆ ಅರ್ಥವಾಯಿತು. ಒಂದು ಜೇಡಕ್ಕೆ ಇಲ್ಲಿರುವ ಹಕ್ಕಿದೆ ಎಂದು ಕಂಡ ಕಣ್ಣಿಗೆ ಹುಲ್ಲಿನ ಬೀಜ ಆರಿಸುತ್ತಿದ್ದವರ ಹಕ್ಕು ಕಾಣಲಿಲ್ಲ. ನಾನು ಅವನ ಕಣ್ಣನ್ನೇ ಎರವಲು ತಂದುಕೊಂಡಿದ್ದೆ. ಉಳಿಸಬೇಕು ಎಂದವನಿಗೂ ಬಳಸಬೇಕು ಎಂದವನಿಗೂ ಕಣಿವೆ ಖಾಲಿಯಾಗಿಯೇ ಕಂಡಿತ್ತು.

ಅಮ್ಮ ವಾಪಸ್ ಕಾರಿಗೆ ಬರುವಾಗ ಹೆಚ್ಚು ಮಾತಾಡಲಿಲ್ಲ. ಬಾಟಲಿಯಲ್ಲಿ ಮನೆಯ ನಲ್ಲಿ ನೀರೇ ಇತ್ತು. ಅರ್ಧ ಕುಡಿದಳು. ಉಳಿದರ್ಧವನ್ನು ದಾರಿ ಪಕ್ಕದ ಹುಲ್ಲಿನ ಬುಡಕ್ಕೆ ನಿಧಾನವಾಗಿ ಹೊಯ್ದಳು. ಯಾಕೆ ಎಂದು ನಾನು ಕೇಳಲಿಲ್ಲ.

ಈಗ ಅವಳು ಊರಿನಲ್ಲೇ ಇದ್ದಾಳೆ. ಮೊಣಕಾಲು ನೋವು, ಇನ್ನು ವಿಮಾನ ಹತ್ತುವುದಿಲ್ಲ. ಭಾನುವಾರ ಫೋನ್ ಮಾಡಿದರೆ ಮೊದಲು ಮಳೆ ಸುದ್ದಿ ಹೇಳುತ್ತಾಳೆ. ತಾಳಗುಪ್ಪದಲ್ಲಿ ಎಷ್ಟು ಬಿತ್ತು, ಹಿನ್ನೀರು ಎಲ್ಲಿಗೆ ಬಂತು, ಜೋಗದಲ್ಲಿ ನೀರಿದೆಯಾ. ಟುವಾಲಮಿ ಎಂಬ ಹೆಸರು ಅವಳ ಬಾಯಲ್ಲಿ ತುವಾಲಮ್ಮ ಆಗಿದೆ. ಚಳಿಗಾಲ ಬಂತೆಂದರೆ ತಪ್ಪದೆ ಕೇಳುತ್ತಾಳೆ, "ನಿಮ್ಮ ತುವಾಲಮ್ಮನಿಗೆ ಈ ಸಲ ಹಿಮ ಬಿತ್ತಾ?" ನಾನು ಫೋನನ್ನು ಭುಜಕ್ಕೆ ಒತ್ತಿಕೊಂಡು ಲ್ಯಾಪ್‌ಟಾಪ್ ತೆರೆದು, ಬೆಟ್ಟದ ಹಿಮದ ಅಳತೆ ನೋಡಿ, ಅವಳಿಗೆ ಹೇಳುತ್ತೇನೆ.